ಆಚೆ ದಡಕ್ಕೆ ಒಂದು ತಂತಿ

ಅಥಣಿಯ ನಮ್ಮ ಹಿತ್ತಲಲ್ಲಿ ಬೇವಿನ ಮರದಿಂದ ಮಾಳಿಗೆಯ ಕಂಬದವರೆಗೆ ಒಂದು ತಾಮ್ರದ ತಂತಿ ಇದೆ. ಬಟ್ಟೆ ಒಣಹಾಕಲು ಅಲ್ಲ. ಅದು ನನ್ನ ಹವ್ಯಾಸಿ ರೇಡಿಯೋದ, ಅಂದರೆ ಹ್ಯಾಮ್ ರೇಡಿಯೋದ, ಆಂಟೆನಾ.

ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್. ನಟ್ಟನಡುವೆ ತುಂಡರಿಸಿ, ಎರಡೂ ತುಂಡುಗಳಿಗೆ ಕೇಬಲ್ ಜೋಡಿಸಬೇಕು. ಮೊದಲು ತುಸು ಉದ್ದ ಬಿಟ್ಟು, ಆಮೇಲೆ ಮೀಟರ್ ನೋಡುತ್ತ ಎರಡೂ ತುದಿಗಳನ್ನು ಸಮನಾಗಿ ಚೂರುಚೂರೇ ಕತ್ತರಿಸಬೇಕು. ಕರೆಂಟಿನ ತಂತಿಯ ಹತ್ತಿರ ಮಾತ್ರ ಎಂದೂ ಕಟ್ಟಬಾರದು.

“ಅಜ್ಜಾ, ಇನ್ನೂ ಮ್ಯಾಲ ಕಟ್ಟೋಣಲ್ಲಾ?” ಎಂದಳು ಮೊಮ್ಮಗಳು. ಎತ್ತರಿಸಿದರೆ ದನಿ ಸಮುದ್ರ ದಾಟೀತು, ನಿಜ. ಆದರೆ ಐದಾರು ಮೀಟರ್ ಎತ್ತರದಲ್ಲೇ ಇದ್ದರೆ ಅಲೆಗಳು ಹೆಚ್ಚಾಗಿ ನೆಟ್ಟಗೆ ಮೇಲೇರಿ, ಅಯಾನುಗೋಲದಿಂದ ಮರಳಿ, ಕಾರಂಜಿಯಂತೆ ಸುತ್ತಲೂ ಇಳಿಯುತ್ತವೆ. ಹಗಲಲ್ಲಿ ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಲ್ಲವೂ ಆ ಕಾರಂಜಿಯ ಕೆಳಗೇ. ರಾತ್ರಿಗೆ 3.5 ಮೆಗಾಹರ್ಟ್ಸ್ ಮೇಲು. ಅದಕ್ಕೆ 40 ಮೀಟರ್ ತಂತಿ ಬೇಕು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ, ದಡದ ಹಳ್ಳಿಗಳು ನಡುಗಡ್ಡೆಗಳಾದವು. ಅಂಥ ಹೊತ್ತಿನಲ್ಲಿ ಕರೆಂಟೂ ಮೊಬೈಲೂ ಕೈಕೊಟ್ಟರೆ, ಒಂದು ಬ್ಯಾಟರಿ, ಒಂದು ರೇಡಿಯೋ, ಈ ತಂತಿ ಸಾಕು. ಆಗ ಬೇಕಾದದ್ದು ದೂರದೇಶದ ಮಾತಲ್ಲ, ಆಚೆ ದಡದ ದನಿ.

12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಮೊಮ್ಮಗಳಿಗೆ ಈಗ 11.