ಅಪ್ಪನ ಮೊಣಕಾಲು

ಪರೇಲಿನ ನಮ್ಮ ಚಾಳಿನಲ್ಲಿ ಮೂರನೆಯ ಮಾಳಿಗೆಗೆ 48 ಮೆಟ್ಟಿಲುಗಳಿದ್ದವು. ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪನ ಚಪ್ಪಲಿಯ ಸದ್ದು ಕೇಳಿಯೇ ಅಂದು ಅವರ ಕಾಲು ಹೇಗಿದೆಯೆಂಬುದು ಅವ್ವನಿಗೆ ತಿಳಿಯುತ್ತಿತ್ತು.

1969ರಲ್ಲಿ ಗಿರಣಿಯಲ್ಲಿ ನೂಲು ಸುತ್ತಿದ ಬೀಮು ಜಾರಿ ಅವರ ಬಲ ಮೊಣಕಾಲಿನ ಮೇಲೆ ಬಿದ್ದಿತ್ತು. ಕಾರ್ಮಿಕರ ರಾಜ್ಯ ವಿಮೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಇ.ಎಸ್.ಐ., ಇದ್ದುದರಿಂದ ಔಷಧೋಪಚಾರ ನಡೆಯಿತು. ಕೊನೆಗೆ ವೈದ್ಯಕೀಯ ಮಂಡಳಿಯು ದುಡಿಯುವ ಶಕ್ತಿ ಶೇಕಡಾ 10ರಷ್ಟು ನಷ್ಟವಾಗಿದೆಯೆಂದು ನಿರ್ಣಯಿಸಿತು. ತಿಂಗಳು ತಿಂಗಳು ಬರುತ್ತಿದ್ದ ಆ ಸಣ್ಣ ಮೊತ್ತ ಹಾಲಿನವನ ಲೆಕ್ಕಕ್ಕೆ ಸರಿಹೋಗುತ್ತಿತ್ತು. ಅಪ್ಪ ಮತ್ತೆ ಮಗ್ಗದ ಮುಂದೆ ನಿಂತರು.

1976ರ ಮಳೆಗಾಲದಲ್ಲಿ ಅದೇ ಮೊಣಕಾಲು ಬಾತುಕೊಂಡಿತು. ನಿಂತು ದುಡಿಯುವುದು ಅಸಾಧ್ಯವಾಗಿ ಕಡಿಮೆ ಪಗಾರದ ಕೆಲಸಕ್ಕೆ ಒಪ್ಪಿಕೊಂಡರು. "ಇ.ಎಸ್.ಐ. ಕಚೇರಿಗೆ ಮತ್ತೊಮ್ಮೆ ಹೋಗಿ ಬರ್ರಿ" ಎಂದು ಅವ್ವ ಹೇಳಿದರೆ, "ಮುಗಿದ ಕೇಸು ಅದು. ಮತ್ತ ಹೋಗಿ ಕೈ ಒಡ್ಡೂದಂದ್ರ ಭಿಕ್ಷಾ ಬೇಡಿದಂಗ" ಎನ್ನುತ್ತಿದ್ದರು. ಹೀಗೆಯೇ ಎರಡು ವರ್ಷ ಕಳೆಯಿತು.

1978ರಲ್ಲಿ ಯೂನಿಯನ್ ಕಚೇರಿಯ ಗುಮಾಸ್ತರೊಬ್ಬರು, ನಮ್ಮ ಕಡೆಯವರೇ, ಈ ಮಾತು ಕೇಳಿ ನಕ್ಕರು. "ಕೇಸು ಮುಗಿದದ್ದು ಕಚೇರಿಗೆ, ಕಾಲಿಗಲ್ಲ" ಎಂದು 1948ರ ವಿಮಾ ಕಾಯಿದೆಯ 55ನೆಯ ಕಲಮನ್ನು ತೋರಿಸಿದರು. ಹಳೆಯ ಗಾಯದ ಪರಿಣಾಮ ಮೊದಲು ಊಹಿಸಲಾಗದಷ್ಟು ಗಣನೀಯವಾಗಿ ಉಲ್ಬಣಿಸಿದ್ದರೆ ಮಂಡಳಿಯು ತನ್ನ ನಿರ್ಣಯವನ್ನು ಪುನಃ ಪರಿಶೀಲಿಸಬಹುದಿತ್ತು. ಅಂತಿಮ ನಿರ್ಣಯವಾಗಿ ಐದು ವರ್ಷ ಕಳೆಯದಿದ್ದರೆ ಮಾತ್ರ ಮೇಲ್ಮನವಿ ನ್ಯಾಯಮಂಡಳಿಯ ಅಪ್ಪಣೆ ಬೇಕಾಗುತ್ತಿತ್ತು. ನಮಗೆ ಆ ಅಡ್ಡಿಯಿರಲಿಲ್ಲ. ಆದರೆ ಈ ನೋವು ವಯಸ್ಸಿನದಲ್ಲ, ಆ ಬೀಮಿನದೇ ಎಂದು ತೋರಿಸಬೇಕಾಗಿತ್ತು.

ಅಲ್ಲಿ ನಮ್ಮನ್ನು ಕಾಪಾಡಿದ್ದು ಅವ್ವನ ತಗಡಿನ ಪೆಟ್ಟಿಗೆ. ರೇಶನ್ ಕಾರ್ಡಿನ ಕೆಳಗೆ ಅಪಘಾತದ ವರದಿಯ ಪ್ರತಿ, ಮಂಡಳಿಯ ಆದೇಶ, ಹಳೆಯ ಸೀರೆಯಲ್ಲಿ ಸುತ್ತಿದ್ದ 1969ರ ಎಕ್ಸ್‌ರೇ, ಎಲ್ಲವೂ ಇದ್ದವು. ಮಂಡಳಿಯ ವೈದ್ಯರು ಹಳೆಯ ಹೊಸ ಎಕ್ಸ್‌ರೇಗಳೆರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಶೇಕಡಾ 10 ಇದ್ದದ್ದು 25 ಆಯಿತು.

ನಾವು ಹಿಗ್ಗುತ್ತಿರುವಾಗಲೇ ಗುಮಾಸ್ತರು ಆದೇಶದ ಕೊನೆಯ ಸಾಲನ್ನು ಓದಿ ಹೇಳಿದರು. ಹೆಚ್ಚಿನ ಹಣ ಅರ್ಜಿ ಕೊಟ್ಟ ದಿನದಿಂದ ಮಾತ್ರ. ಅದರ ಹಿಂದಿನ ಒಂದು ದಿನಕ್ಕೂ ಇಲ್ಲ. ಕಾಯಿದೆಯೇ ಹಾಗಿತ್ತು. ಮನೆಗೆ ಬರುವಾಗ ಅಪ್ಪ 20ನೆಯ ಮೆಟ್ಟಿಲಿನ ಮೇಲೆ ಕುಳಿತು, "ಆ ಎರಡು ವರ್ಷದ ರೊಕ್ಕ ಯಾರೂ ಕಸ್ಕೊಳ್ಳಿಲ್ಲ. ನಾನ ಬಿಟ್ಟೆ" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಆದರೂ ಅವರು ಅದೃಷ್ಟವಂತರೇ. ಇ.ಎಸ್.ಐ. ಇಲ್ಲದ ಸಣ್ಣ ಕಾರಖಾನೆಯಲ್ಲಿ ಬೆರಳು ಕಳೆದುಕೊಂಡ ನನ್ನ ಸೋದರಮಾವನಿಗೆ 1923ರ ಪರಿಹಾರ ಕಾಯಿದೆಯಂತೆ ಒಂದೇ ಗಂಟಿನಲ್ಲಿ ಹಣ ಬಂದಿತ್ತು. ಆ ಕಾಯಿದೆಯ 6ನೆಯ ಕಲಮಿನ ಪುನರ್‌ಪರಿಶೀಲನೆ ಅರ್ಧ ತಿಂಗಳಿಗೊಮ್ಮೆ ಕೊಡುವ ಪರಿಹಾರಕ್ಕಷ್ಟೇ ಇತ್ತು. ಗಂಟು ಕೈಗೆ ಬಂತೆಂದರೆ ಬಾಗಿಲು ಮುಚ್ಚಿದಂತೆಯೇ.

1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಆರಂಭವಾಯಿತು. ಅಪ್ಪನ ಗಿರಣಿ ಮತ್ತೆ ತೆರೆಯಲೇ ಇಲ್ಲ. ಪಗಾರ ನಿಂತಿತು, ಪಾಳಿ ನಿಂತಿತು. ಆ ಶೇಕಡಾ 25ರ ಹಣ ಮಾತ್ರ ಅವರ ಕೊನೆಯ ತಿಂಗಳವರೆಗೂ ಬಂದಿತು. ನೌಕರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಈಗ ಆ ಎರಡು ಕಾಯಿದೆಗಳೂ ಇಲ್ಲ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಅವುಗಳ ವಿಷಯಗಳೆಲ್ಲ ಅದರಲ್ಲಿ ಸೇರಿಹೋಗಿವೆ. ಇಂದಿನ ಕಲಮು, ಇಂದಿನ ಅವಧಿ ಯಾವುದೆಂದು ತಿಳಿದವರನ್ನು ಕೇಳಿಕೊಳ್ಳಬೇಕು. ಊರು ಬಿಟ್ಟು ಬಂದು ದುಡಿಯುವ ನಮ್ಮ ಮನೆಗಳಲ್ಲಿ ನೋವನ್ನು ನುಂಗಿಕೊಳ್ಳುವುದೇ ದೊಡ್ಡಸ್ತಿಕೆಯೆಂಬ ಭಾವನೆ ಇನ್ನೂ ಇದೆ. ಹಳೆಯ ಪೆಟ್ಟು ಮರುಕಳಿಸಿದ ದಿನವೇ ವೈದ್ಯರಿಂದ ಬರೆಸಿಕೊಳ್ಳಿರಿ, ಕೂಡಲೇ ಅರ್ಜಿ ಹಾಕಿರಿ. ಅದು ಭಿಕ್ಷೆಯಲ್ಲ.

ಅವ್ವನ ಪೆಟ್ಟಿಗೆ ಈಗ ನನ್ನ ಮನೆಯಲ್ಲಿದೆ. ಆ ಎರಡು ಎಕ್ಸ್‌ರೇಗಳನ್ನು ನಾನು ಇನ್ನೂ ಎಸೆದಿಲ್ಲ.