ಸೂರ್ಯನ ಗುಡಿ: ಸ್ಟಾಕ್‌ಹೋಮಿನಲ್ಲಿ ಕಂಡ ಪರಿವೇಷ

ತೆಳುಮೋಡ ಕವಿದ ದಿನ ಸೂರ್ಯನ ಸುತ್ತ ದೊಡ್ಡ ಬಳೆಯಂತೆ ಒಂದು ವರ್ತುಲ ಕಾಣಿಸಿಕೊಂಡರೆ ನಮ್ಮ ಹಳ್ಳಿಗಳ ಹಿರಿಯರು ‘ಸೂರ್ಯ ಗುಡಿ ಕಟ್ಟಿದ್ದಾನೆ’ ಎನ್ನುವರು. ಸಂಸ್ಕೃತದಲ್ಲಿ ಇದಕ್ಕೆ ಪರಿವೇಷವೆಂದು ಹೆಸರು. ಅರವತ್ತನ್ನು ದಾಟಿದ ನಮ್ಮ ಬಾಳಿನಲ್ಲಿ ಈ ಗುಡಿಯನ್ನು ಮನಸ್ಸಿಗೆ ನಾಟುವಂತೆ ಮೂರು ಸಲ ಕಂಡಿದ್ದೇವೆ. ಮೊದಲನೆಯ ಸಲ ಕಂಡಾಗ ನಮ್ಮಿಂದ ಒಂದು ದೊಡ್ಡ ತಪ್ಪು ನಡೆದುಹೋಯಿತು. ಮೂರನೆಯ ಸಲ ಕಂಡದ್ದು ಸ್ವದೇಶದಿಂದ ಬಹುದೂರದ ಸ್ವೀಡನ್ನಿನ ರಾಜಧಾನಿಯಲ್ಲಿ. ಆ ಪ್ರವಾಸದ ಸಂಗತಿಯನ್ನು ವಾಚಕ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುವ ಮುನ್ನ ಆ ಹಳೆಯ ತಪ್ಪನ್ನು ಒಪ್ಪಿಸುವುದು ಧರ್ಮವೆಂದು ಭಾವಿಸುತ್ತೇವೆ.

1984ರ ಬೇಸಗೆ. ಮಠದ ಸಂಸ್ಕೃತ ಪಾಠಶಾಲೆಯಲ್ಲಿ ನಮ್ಮ ವ್ಯಾಸಂಗ ಮುಗಿಯುತ್ತ ಬಂದಿತ್ತು. ವ್ಯಾಕರಣದ ಜೊತೆಗೆ ಒಂದಿಷ್ಟು ಜ್ಯೋತಿಷವನ್ನೂ ಓದಿ, ಓದಿದ್ದನ್ನು ಎಲ್ಲಿಯಾದರೂ ಹೇಳಬೇಕೆಂಬ ಹುಮ್ಮಸ್ಸಿನ ವಯಸ್ಸು ಅದು. ವರದಾ ನದಿಯ ದಡದ ಒಂದು ಊರಿಗೆ ಮದುವೆಗೆಂದು ಹೋಗಿದ್ದೆವು. ಹಂದರದಲ್ಲಿ ಬೀಗರು ಕುಳಿತಿದ್ದರು. ಹಿತ್ತಿಲಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಹೊರಗೆ ಆಡುತ್ತಿದ್ದ ಹುಡುಗರು ಕೂಗಿಕೊಂಡರು. ಎಲ್ಲರೂ ಹೊರಬಂದು ನೋಡಿದರೆ ನೆತ್ತಿಯ ಮೇಲಿನ ಸೂರ್ಯನನ್ನು ಒಂದು ವರ್ತುಲ ಸುತ್ತುವರಿದಿತ್ತು. ಅದರ ಒಳ ಅಂಚು ಕೆಂಪು, ಒಳಗಿನ ಆಕಾಶ ಮಬ್ಬು. ವರನ ಕಡೆಯ ಹಿರಿಯರೊಬ್ಬರು ನಮ್ಮತ್ತ ತಿರುಗಿ, ‘ಓದಿದವರು ನೀವು, ಇದೇನಂತ ಹೇಳ್ರಿ’ ಎಂದರು.

ತಿಳಿಯದು ಎಂದು ಹೇಳಬಹುದಾಗಿತ್ತು. ಹಾಗೆನ್ನಲು ನಮ್ಮ ಅಭಿಮಾನ ಬಿಡಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪರಿವೇಷಕ್ಕೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಬರುವುದು ಹೆಚ್ಚಾಗಿ ಅರಸರ, ಸೈನ್ಯದ, ಮಳೆ ಬೆಳೆಗಳ ಮಾತು. ಅದನ್ನೇ ಮದುವೆಯ ಹಂದರಕ್ಕೆ ತಂದು, ‘ಲಕ್ಷಣ ಅಷ್ಟು ಒಳ್ಳೆಯದಲ್ಲ’ ಎಂದುಬಿಟ್ಟೆವು. ಒಳ್ಳೆಯ ದಿನ ಕೆಟ್ಟ ದಿನವೆಂಬ ಭೇದವನ್ನೇ ಒಲ್ಲದ ಶರಣರ ಮಾತನ್ನು ನಿತ್ಯ ಹೇಳುತ್ತಿದ್ದ ನಾಲಗೆಯೇ ಅಂದು ಹೀಗೆ ನುಡಿಯಿತು. ಮದುವೆಯನ್ನು ಮುಂದೆ ಹಾಕಿದರು. ಹೋದ ಬೀಗರು ಮರಳಿ ಬರಲಿಲ್ಲ. ಖರ್ಚಿಗಾಗಿ ಎತ್ತು ಮಾರಿದ್ದ ತಂದೆ ಹಂದರದ ಕಂಬಕ್ಕೆ ಒರಗಿ ಕುಳಿತದ್ದು ಇಂದಿಗೂ ಕಣ್ಣ ಮುಂದಿದೆ. ಆ ಹೆಣ್ಣುಮಗಳು ಎರಡು ವರ್ಷ ಊರಿನವರ ಮಾತು ಕೇಳುತ್ತ ತವರಿನಲ್ಲಿದ್ದು, ಬಳಿಕ ಬೇರೆಡೆಗೆ ಲಗ್ನವಾಗಿ ಹೋದಳೆಂದು ತಿಳಿಯಿತು. ಆ ಊರಿನತ್ತ ಮತ್ತೆ ಹೋಗಲು ನಮಗೆ ಮುಖವಿರಲಿಲ್ಲ.

2021ರ ಮೇ 24ರಂದು ಬೆಂಗಳೂರಿನ ಆಕಾಶದಲ್ಲಿ ಸೂರ್ಯ ಮತ್ತೆ ಗುಡಿ ಕಟ್ಟಿದ. ಸಾವಿರಾರು ಜನ ಮಹಡಿಗಳ ಮೇಲೆ ನಿಂತು ಅದನ್ನು ಕಂಡರು. ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚಿಕೊಂಡರು. ಕೋವಿಡ್‌ನ ಎರಡನೆಯ ಅಲೆ ಮನೆ ಮನೆಯಲ್ಲಿ ದುಃಖ ಬಿತ್ತಿದ್ದ ಕಾಲ ಅದು. ಭಕ್ತರ ಮನೆಯಲ್ಲಿ ತಂಗಿದ್ದ ನಮಗೆ ಒಂದರ ಹಿಂದೆ ಒಂದು ದೂರವಾಣಿ ಕರೆ ಬಂದವು. ಎಲ್ಲರದೂ ಒಂದೇ ಪ್ರಶ್ನೆ: ‘ಇನ್ನೂ ಏನು ಕಾದಿದೆ?’ ಈ ಸಲ ನಾವು, ‘ಅದು ಮೋಡದಲ್ಲಿರುವ ಹಿಮದ ಹರಳುಗಳ ಬೆಳಕು, ಹೆದರಬೇಡಿ’ ಎಂದೆವು. ಅಷ್ಟು ಹೇಳಲು ನಮಗೆ 37 ವರ್ಷ ಬೇಕಾಯಿತಲ್ಲ ಎಂಬ ಕೊರಗಿನಿಂದ ಅಂದು ರಾತ್ರಿ ನಿದ್ರೆ ಬರಲಿಲ್ಲ. ಅಂದಿನಿಂದ ಈ ವಿಷಯವನ್ನು ಸರಿಯಾಗಿ ಓದತೊಡಗಿದೆವು.

ನೆಲದ ಮೇಲೆ ಬಿಸಿಲು ಸುಡುತ್ತಿರುವಾಗ ಹಿಮ ಎಲ್ಲಿಂದ ಬಂತು ಎಂಬ ಸಂದೇಹ ಸಹಜ. ಆರು ಏಳು ಕಿಲೋಮೀಟರಿಗೂ ಮೇಲೆ ಗಾಳಿ ಸದಾ ಕೊರೆಯುವಷ್ಟು ತಣ್ಣಗಿರುತ್ತದೆ. ಅಲ್ಲಿಯ ತೆಳುಮೋಡಗಳೆಂದರೆ ಸೂಕ್ಷ್ಮವಾದ ಹಿಮಸ್ಫಟಿಕಗಳ ರಾಶಿ. ಒಂದೊಂದು ಹರಳೂ ಆರು ಮೂಲೆಯದು. ಕೆಲವು ತಟ್ಟೆಯಂತೆ ಚಪ್ಪಟೆ, ಕೆಲವು ಸೀಸದಕಡ್ಡಿಯ ತುಂಡಿನಂತೆ ಉದ್ದ. ಒಂದು ಮೈಯಿಂದ ಒಳಹೊಕ್ಕ ಬೆಳಕು ಅದಕ್ಕೆ 60 ಡಿಗ್ರಿ ಓರೆಯಾಗಿರುವ ಇನ್ನೊಂದು ಮೈಯಿಂದ ಹೊರಬೀಳುವಾಗ ಕನಿಷ್ಠ ಸುಮಾರು 22 ಡಿಗ್ರಿ ಬಾಗುತ್ತದೆ. ಆದ್ದರಿಂದಲೇ ಸಾಮಾನ್ಯ ಪರಿವೇಷ ಎಲ್ಲಿ ಕಂಡರೂ ಸೂರ್ಯನಿಂದ 22 ಡಿಗ್ರಿ ದೂರದಲ್ಲಿಯೇ ಇರುತ್ತದೆ. ತೋಳನ್ನು ಪೂರ್ತಿ ಚಾಚಿ ಗೇಣು ಬಿಡಿಸಿ ಹೆಬ್ಬೆರಳಿನಿಂದ ಸೂರ್ಯನನ್ನು ಮರೆಮಾಡಿದರೆ ಕಿರುಬೆರಳ ತುದಿ ಹೆಚ್ಚುಕಡಮೆ ವರ್ತುಲವನ್ನು ಮುಟ್ಟುತ್ತದೆ. ಹರಳುಗಳು ಅಡ್ಡಾದಿಡ್ಡಿಯಾಗಿ ತೇಲಿದರೆ ವರ್ತುಲ. ಚಪ್ಪಟೆ ಹರಳುಗಳು ನೀರಿನ ಮೇಲಿನ ಎಲೆಯಂತೆ ಸಮನಾಗಿ ತೇಲಿದರೆ ಸೂರ್ಯನ ಎಡಬಲಗಳಲ್ಲಿ ಎರಡು ಹೊಳೆಯುವ ಬಿಂಬಗಳು. ಈ ಬಿಂಬಗಳನ್ನು ನಮ್ಮ ಹಿಂದಿನವರು ಪ್ರತಿಸೂರ್ಯ ಎಂದು ಕರೆದರು.

ಹೀಗೆ ಓದುತ್ತಿರುವಾಗ ಸ್ಟಾಕ್‌ಹೋಮಿನ ಒಂದು ಪುರಾತನ ಚಿತ್ರದ ವಿವರ ಕಣ್ಣಿಗೆ ಬಿತ್ತು. ನಮ್ಮ ತಂಗಿಯ ಮಗ ಆ ನಗರದಲ್ಲಿಯೇ ಉದ್ಯೋಗದಲ್ಲಿದ್ದು ಬಹುದಿನಗಳಿಂದ ಕರೆಯುತ್ತಿದ್ದ. 2023ರ ಏಪ್ರಿಲಿನಲ್ಲಿ ಆ ಯೋಗ ಕೂಡಿಬಂದಿತು. ನಗರವು ಹಲವು ದ್ವೀಪಗಳ ಮೇಲೆ ಹರಡಿಕೊಂಡಿದೆ. ಹಳೆಯ ಪಟ್ಟಣವಿರುವ ದ್ವೀಪದಲ್ಲಿ ಅರಮನೆಯ ಮಗ್ಗುಲಿಗೆ ಸ್ಟೂರ್‌ಶಿರ್ಕನ್ ಎಂಬ ಮಹಾದೇವಾಲಯವಿದೆ. ಮರಗಳು ಇನ್ನೂ ಬೋಳಾಗಿದ್ದ ಒಂದು ಸಂಜೆ ಇಬ್ಬರೂ ಅಲ್ಲಿಗೆ ಹೋದೆವು. ಇಟ್ಟಿಗೆಯ ಕಂಬಗಳ ನಡುವೆ ಆ ಚಿತ್ರವನ್ನು ಕಂಡಾಗ ಮಾತು ಹೊರಡಲಿಲ್ಲ.

ಚಿತ್ರದ ಎತ್ತರ 163 ಸೆಂಟಿಮೀಟರು, ಅಗಲ 110. ಕೆಳಗೆ ನೀರು ಸುತ್ತುವರಿದ ಪುಟ್ಟ ಪಟ್ಟಣ. ಮೇಲೆ ಆಕಾಶದ ತುಂಬ ಬಿಳಿಯ ವರ್ತುಲಗಳು, ಕಮಾನುಗಳು, ಒಂದಕ್ಕಿಂತ ಹೆಚ್ಚು ಸೂರ್ಯರು. 1535ರ ಏಪ್ರಿಲ್ 20ರಂದು ಬೆಳಗ್ಗೆ ಆ ಪಟ್ಟಣದವರು ಕಂಡ ದೃಶ್ಯವಿದು. ಆ ದೇವಾಲಯದ ಧರ್ಮಬೋಧಕನೂ ಸ್ವೀಡನ್ನಿನ ಧರ್ಮಸುಧಾರಕನೂ ಆಗಿದ್ದ ಓಲಾವುಸ್ ಪೇತ್ರಿ ಅದನ್ನು ಬರೆಯಿಸಿದ. ಮೂಲಚಿತ್ರ ಉಳಿದಿಲ್ಲ, 1636ರಲ್ಲಿ ಯಾಕೋಬ್ ಎಲ್ಬ್‌ಫಾಸ್ ಮಾಡಿದ ಪ್ರತಿ ಈಗ ಅಲ್ಲಿದೆ. ಆಗ ಆಳುತ್ತಿದ್ದವನು ಗುಸ್ತಾವ್ ವಾಸಾ ಎಂಬ ಅರಸ. ಧರ್ಮದ ವ್ಯವಸ್ಥೆಯನ್ನೇ ಬದಲಿಸಲು ಹೊರಟಿದ್ದ ಅರಸನ ಮೇಲೆ ದೈವಕೋಪವಾಗಿದೆ ಎಂದು ಈ ದೃಶ್ಯಕ್ಕೆ ಅರ್ಥ ಹಚ್ಚಿದವರಿದ್ದರು. ಅರಸನಿಗೂ ಪೇತ್ರಿಗೂ ನಡುವೆ ಬಿರುಕು ಬೆಳೆಯುತ್ತ ಹೋಯಿತು. 1540ರ ಆರಂಭದಲ್ಲಿ ಪೇತ್ರಿಗೆ ರಾಜದ್ರೋಹದ ಆರೋಪದ ಮೇಲೆ ಮರಣದಂಡನೆ ವಿಧಿಸಲಾಯಿತು. ಬಳಿಕ ದಂಡದ ಹಣ ತೆತ್ತು ಆತ ಪ್ರಾಣ ಉಳಿಸಿಕೊಂಡ.

ಅಂದು ಜನ ಹಚ್ಚಿದ ಅರ್ಥಗಳೆಲ್ಲ ಅಳಿದುಹೋದವು. ಆದರೆ ಚಿತ್ರಕಾರ ಕಂಡದ್ದನ್ನು ಬಿಡಿಸಿಟ್ಟಿದ್ದ. ಅದರಿಂದಲೇ ಇಂದಿನ ವಿದ್ವಾಂಸರು ಆ ಚಿತ್ರದ ಮುಂದೆ ನಿಂತು, ಮೂಲೆಯಲ್ಲಿರುವುದು ನಿಜವಾದ ಸೂರ್ಯ, ಅದರ ಸುತ್ತಲಿನದು 22 ಡಿಗ್ರಿಯ ವರ್ತುಲ, ಅಕ್ಕಪಕ್ಕದವು ಪ್ರತಿಸೂರ್ಯರು, ಆಕಾಶವನ್ನೆಲ್ಲ ಸುತ್ತಿದ ದೊಡ್ಡ ಬಳೆ ದಿಗಂತಕ್ಕೆ ಸಮಾನಾಂತರವಾದ ಪ್ರತಿಸೂರ್ಯ ವೃತ್ತ ಎಂದು ಒಂದೊಂದನ್ನೂ ಹೆಸರಿಟ್ಟು ಹೇಳಬಲ್ಲರು. 1984ರ ಹಂದರದಲ್ಲಿ ನಾವು ಅರ್ಥ ಹೇಳಿದ್ದೆವೇ ಹೊರತು ಆಕಾಶವನ್ನು ನೋಡಿರಲಿಲ್ಲ. ವರ್ತುಲದ ಹೊರಗೆ ಮತ್ತೇನಿತ್ತು, ಎಷ್ಟು ಹೊತ್ತು ಇತ್ತು ಎಂದು ಯಾರಾದರೂ ಕೇಳಿದರೆ ಇಂದು ನಮ್ಮಲ್ಲಿ ಉತ್ತರವಿಲ್ಲ.

ಮೂರು ದಿನಗಳ ಬಳಿಕ ಬೆಳಗಿನ ಒಂಬತ್ತು ಗಂಟೆಗೆ ನಗರದ ನಡುವಣ ಶೆಪ್ಸ್‌ಹೋಲ್ಮನ್ ದ್ವೀಪದ ನೀರಿನ ದಂಡೆಯಲ್ಲಿ ನಡೆಯುತ್ತಿದ್ದೆವು. ಪಶ್ಚಿಮದಿಂದ ಹಾಲಿನ ಕೆನೆಯಂಥ ಮೋಡ ಹರಡುತ್ತ ಬಂದಿತು. ಹುಡುಗ ಥಟ್ಟನೆ ನಿಂತು, ‘ಮಾವಾ, ಕಂಬದ ನೆರಳಿಗೆ ಬನ್ನಿ’ ಎಂದ. ದೀಪದ ಕಂಬದ ಹಿಂದೆ ಸೂರ್ಯ ಮರೆಯಾಗುವಂತೆ ನಿಂತು ನೋಡಿದರೆ ಅದೇ ವರ್ತುಲ! ಅದರ ಎರಡೂ ಪಕ್ಕಗಳಲ್ಲಿ, ಅಂಚಿನಿಂದ ತುಸು ಹೊರಗೆ, ಕೆಂಪು ಮೈಯ ಎರಡು ಪ್ರತಿಸೂರ್ಯರು. ವರ್ತುಲದ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಒಂದು ಪ್ರಕಾಶ. ಅದಕ್ಕೂ ಬಹಳ ಮೇಲೆ, ನಮ್ಮ ನಡುನೆತ್ತಿಯ ಸಮೀಪ, ತಲೆಕೆಳಗಾಗಿ ತೂಗುಹಾಕಿದ ಕಾಮನಬಿಲ್ಲಿನಂತೆ ಶುದ್ಧವಾದ ಬಣ್ಣಗಳ ಒಂದು ಕಮಾನು. ನೆತ್ತಿಗಮಾನು ಎಂದು ಅದನ್ನು ಕರೆಯಬಹುದು. ಸೂರ್ಯ ದಿಗಂತದಿಂದ 32 ಡಿಗ್ರಿಗಿಂತ ಕೆಳಗಿರುವಾಗ ಮಾತ್ರ ಅದು ಕಾಣುತ್ತದೆ. ಓದಿ ತಿಳಿದಿದ್ದ ಆ ಲೆಕ್ಕ ಕಣ್ಣೆದುರಿಗೇ ನಡೆಯಿತು. ಸೂರ್ಯ ಮೇಲೇರಿದಂತೆ ಬಣ್ಣ ಮಾಸುತ್ತ ಬಂದು ಹತ್ತು ಗಂಟೆಯಾಗುವ ಮೊದಲೇ ಕಮಾನು ಅಡಗಿಹೋಯಿತು.

ಅಷ್ಟರೊಳಗೆ ಹುಡುಗ ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಅಗಲ ನೋಟದ ಮಸೂರ ಹಾಕಿ, ಸೂರ್ಯನನ್ನು ಕಂಬದ ಮರೆಗೆ ಸರಿಸಿದ್ದ. ಆಕಾಶ ಬೆಳ್ಳಗೆ ಸುಟ್ಟಂತೆ ಬೀಳದಿರಲೆಂದು ಕ್ಯಾಮೆರಾ ತಾನಾಗಿ ಬಯಸುವುದಕ್ಕಿಂತ ಕಡಮೆ ಬೆಳಕು ಬಿಟ್ಟ. ಹದಿನೈದು ಸೆಕೆಂಡಿಗೊಂದರಂತೆ ಹತ್ತು ನಿಮಿಷದಲ್ಲಿ ನಲವತ್ತು ಚಿತ್ರ ತೆಗೆದ. ಒಂದೇ ದೃಶ್ಯಕ್ಕೆ ನಲವತ್ತು ಏಕೆ ಎಂದು ಕೇಳಿದೆವು. ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತಾಗ ಉತ್ತರ ಸಿಕ್ಕಿತು. ನಲವತ್ತನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಸರಿದಾಡುವ ಮೋಡದ ಎಳೆಗಳು ಅಳಿಸಿಹೋಗುತ್ತವೆ. ಸೂರ್ಯನಿಗೆ ಅಂಟಿಕೊಂಡು ನಿಂತ ಬೆಳಕು ಮಾತ್ರ ಉಳಿದು ಗಟ್ಟಿಯಾಗುತ್ತದೆ. ಹಾಗೆ ಮಾಡಿದಾಗ ಹಕ್ಕಿಯ ರೆಕ್ಕೆಯಂಥ ಪ್ರಕಾಶದ ಮೇಲೆ, ಬೆಳಗ್ಗೆ ಬರಿಗಣ್ಣಿಗೆ ಕಾಣದಿದ್ದ ಇನ್ನೊಂದು ನಸುಗಮಾನು ಮೂಡಿಬಂದಿತು.

ಅದು ಪ್ಯಾರಿ ಕಮಾನು. ಉತ್ತರದ ಹಿಮಸಮುದ್ರದಲ್ಲಿ ವಾಯವ್ಯ ಸಮುದ್ರಮಾರ್ಗ ಹುಡುಕುತ್ತ ಹೋಗಿ ಮೆಲ್ವಿಲ್ ದ್ವೀಪದ ಬಳಿ ಹಿಮದಲ್ಲಿ ಹಡಗು ಸಿಲುಕಿ ಚಳಿಗಾಲ ಕಳೆದ ವಿಲಿಯಂ ಎಡ್ವರ್ಡ್ ಪ್ಯಾರಿ ಎಂಬ ನಾವಿಕ 1820ರ ಏಪ್ರಿಲ್ 8ರಂದು ಅದನ್ನು ಕಂಡು ನಕ್ಷೆ ಬರೆದಿಟ್ಟ. ಉದ್ದನೆಯ ಹರಳುಗಳು ಮಲಗಿಕೊಂಡು ತೇಲುವುದಷ್ಟೇ ಅದಕ್ಕೆ ಸಾಲದು. ಉರುಳದೆ, ಮೇಲುಮೈ ಕೆಳಮೈಗಳೆರಡೂ ನೆಲಕ್ಕೆ ಸಮನಾಗಿರುವಂತೆ ತೇಲಬೇಕು. ಆದುದರಿಂದ ಅದು ಅಪರೂಪ. ಇದಕ್ಕಿಂತ ಅಪರೂಪದವೂ ಇವೆ. ಹಾಲೆಂಡಿನ ಕೆರ್ನ್ ಎಂಬವರು 1895ರಲ್ಲಿ ನೆತ್ತಿಗಮಾನಿನ ಎದುರು ಬದಿಯಲ್ಲಿ ಒಂದು ನಸುಬೆಳಕಿನ ಕಮಾನನ್ನು ಕಂಡೆನೆಂದು ವರದಿ ಮಾಡಿದ್ದರು. ಅದರ ಛಾಯಾಚಿತ್ರ ಮೊದಲು ದೊರೆತದ್ದು 2007ರಲ್ಲಿ, ಫಿನ್‌ಲೆಂಡಿನಲ್ಲಿ. ಕಂಡದ್ದನ್ನು ಕಂಡಂತೆ ಬರೆದಿಟ್ಟವನ ಮಾತು ನೂರು ವರ್ಷ ಕಾದಾದರೂ ನಿಲ್ಲುತ್ತದೆ.

ಊರಿಗೆ ಮರಳಿದ ಮೇಲೆ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿಕೊಂಡೆವು. ಅದನ್ನು ಯಾರಿಗೆ ಮೊದಲು ತೋರಿಸಬೇಕೆಂಬುದು ಸ್ಟಾಕ್‌ಹೋಮಿನಲ್ಲಿಯೇ ನಿಶ್ಚಯವಾಗಿತ್ತು. ವಿಚಾರಿಸುತ್ತ ಹೋಗಿ ಆ ತಾಯಿ ಇರುವ ಊರನ್ನು ಕಂಡುಹಿಡಿದೆವು. ತಲೆ ನರೆತಿದೆ, ಮಕ್ಕಳು ಮೊಮ್ಮಕ್ಕಳ ತುಂಬಿದ ಮನೆ. ನಮ್ಮ ಗುರುತು ಹೇಳಿ, ಅಂದಿನ ಮಾತು ತಪ್ಪಾಗಿತ್ತು, ತಿಳಿಯದೆ ಆಡಿದ್ದೆವು, ಕ್ಷಮಿಸಬೇಕು ಎಂದೆವು. ಆಕೆ ಬಹಳ ಹೊತ್ತು ಚಿತ್ರವನ್ನೇ ನೋಡಿದರು. ಬಳಿಕ, ‘ಅವತ್ತೂ ಹಿಂಗ ಇತ್ತು. ಒಳಗಿನ ಕಿಟಕಿಯಿಂದ ನಾನೂ ನೋಡಿದ್ದೆ. ಭಾಳ ಚಂದ ಕಂಡಿತ್ತು. ನನ್ನನ್ನ ಯಾರೂ ಕೇಳಲಿಲ್ಲ’ ಎಂದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಹೇಳಲೆಂದು ನಾವೂ ಕಾಯಲಿಲ್ಲ. ಊಟ ಮಾಡಿಯೇ ಹೋಗಬೇಕೆಂದು ಮಾತ್ರ ಹಟ ಹಿಡಿದರು.

ಊಟದ ನಂತರ ಅವರ ಮೊಮ್ಮಗಳು, ‘ಇಂಥ ಚಿತ್ರ ನಾನೂ ತೆಗೀಬಹುದಾ?’ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ವಾಚಕರಿಗೂ ಹೇಳುತ್ತೇವೆ. ಸೂರ್ಯನನ್ನು ನೇರವಾಗಿ ನೋಡಬಾರದು. ಕ್ಯಾಮೆರಾದ ಗಾಜಿಗೆ ಕಣ್ಣಿಟ್ಟಂತೂ ನೋಡಲೇಬಾರದು. ಕಂಬ, ಮನೆಯ ಮೂಲೆ, ಗುಡಿಯ ಶಿಖರ ಯಾವುದರದಾದರೂ ಮರೆಯಲ್ಲಿ ಸೂರ್ಯನನ್ನು ಅಡಗಿಸಿ ಸುತ್ತಲಿನ ಆಕಾಶವನ್ನು ನೋಡಬೇಕು. ಮೊಬೈಲು ಸಾಕು. ಬೆಳಗ್ಗೆ ಸಂಜೆ ಪ್ರತಿಸೂರ್ಯರನ್ನೂ ನೆತ್ತಿಗಮಾನನ್ನೂ ಹುಡುಕಬೇಕು. ಮಧ್ಯಾಹ್ನವಾದರೆ ಸೂರ್ಯನ ಕೆಳಗೆ ಎರಡು ಗೇಣಿಗೂ ತುಸು ದೂರದಲ್ಲಿ, ದಿಗಂತಕ್ಕೆ ಸಮಾನಾಂತರವಾಗಿ ಬಣ್ಣದ ಪಟ್ಟಿಯೊಂದು ಕಾಣುವುದೇ ನೋಡಬೇಕು. ಸೂರ್ಯ 58 ಡಿಗ್ರಿಗಿಂತ ಮೇಲೇರಿದಾಗ ಮಾತ್ರ ಅದು ಮೂಡೀತು. ನಮ್ಮ ನಾಡಿನಲ್ಲಿ ವರ್ಷದ ಹೆಚ್ಚಿನ ತಿಂಗಳು ನಡುಹಗಲಲ್ಲಿ ಸೂರ್ಯ ಅಷ್ಟು ಏರುತ್ತಾನೆ. ಸ್ಟಾಕ್‌ಹೋಮಿನಲ್ಲಿ ಎಂದೂ ಏರಲಾರ. ಆ ನಗರದವರಿಗೆ ತಮ್ಮ ಊರಿನಲ್ಲಿ ಇಲ್ಲದ ಈ ಭಾಗ್ಯ ನಮ್ಮ ಹೊಲದ ಬದುವಿನ ಮೇಲೆ ನಿಂತವನಿಗಿದೆ.

ಕಂಡ ಮೇಲೆ ದಿನ, ವೇಳೆ, ಊರು, ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದಿಡಿ. ಮನೆಯ ಮಕ್ಕಳನ್ನೂ ಹೊರಗೆ ಕರೆದು ತೋರಿಸಿ. ಅವರು ಕಂಡದ್ದೇನೆಂದು ಕೇಳಿ. ಇದರ ಫಲವೇನೆಂದು ಯಾರಾದರೂ ಕೇಳಿದರೆ, ಹಿಮದ ಹರಳುಗಳ ಮೂಲಕ ಬಂದ ಬೆಳಕು ಎಂದಷ್ಟೇ ಹೇಳಿ. ಅದಕ್ಕಿಂತ ಹೆಚ್ಚು ತಿಳಿಯದಿದ್ದಲ್ಲಿ ತಿಳಿಯದೆಂದು ಹೇಳಲು ಸಂಕೋಚಪಡಬೇಡಿ. ಆ ಒಂದು ಮಾತನ್ನು ನಾವು ತಕ್ಕ ಹೊತ್ತಿಗೆ ಆಡಿದ್ದರೆ ವರದೆಯ ದಡದ ಆ ಹಂದರದಲ್ಲಿ ಅಂದು ಅಕ್ಷತೆ ಬೀಳುತ್ತಿತ್ತು.