ಪೈಪು ಹಿಡಿಯುವ ಕ್ಷಣ

ಬೆಳಗಿನ ಆರೂವರೆ. ಗಾಳಿ ಇನ್ನೂ ಎದ್ದಿಲ್ಲ. ಸಿಮೆಂಟ್ ಅಂಗಳದಲ್ಲಿ ಮಂಡಿಯೂರಿದ್ದೀರಿ. ಎದುರಿಗೆ ತಂತಿ ಕಟ್ಟಿ ವೃತ್ತದಲ್ಲಿ ಹಾರಿಸುವ, ಅರ್ಧ ಕಿಲೋ ತೂಗದ ಮಾದರಿ ವಿಮಾನ, ಅದರ ಮೂತಿಯಲ್ಲಿ 2.5 ಸಿಸಿ ಎಂಜಿನ್, ಎಂಜಿನ್ನಿನ ಹಿಂದೆ ಹೊಟ್ಟೆ ಉಬ್ಬಿದ ಪೈಪು. ಕ್ಯಾನಿನ ಮುಚ್ಚಳ ತೆರೆದೊಡನೆ ಮೆಥನಾಲ್ ಮೂಗು ಚುಚ್ಚುತ್ತದೆ. ಅದರ ಬೆನ್ನಿಗೇ ಹರಳೆಣ್ಣೆ, ಅಜ್ಜಿ ನಿಮ್ಮ ನೆತ್ತಿಗೆ ತಟ್ಟುತ್ತಿದ್ದ ಅದೇ ಎಣ್ಣೆ. 80 ಭಾಗ ಮೆಥನಾಲ್, 20 ಭಾಗ ಎಣ್ಣೆ. ನೈಟ್ರೊಮೀಥೇನ್ ಬೆರೆಸಿದರೆ ಶಕ್ತಿ ಸಲೀಸಾಗಿ ಸಿಕ್ಕೀತು, ಆದರೆ ವೇಗಸ್ಪರ್ಧೆಯ ನಿಯಮ ಒಪ್ಪುವುದಿಲ್ಲ. ಪೈಪಿನಿಂದಲೇ ಹಿಂಡಬೇಕು.

ಸಿಲಿಂಡರಿನಿಂದ ಹೊರಬಿದ್ದ ಒತ್ತಡದ ಅಲೆ ಪೈಪಿನ ಹಿಂಭಾಗಕ್ಕೆ ಬಡಿದು ಮರಳುತ್ತದೆ. ಸಿಲಿಂಡರಿನ ಹೊಗೆಕಿಂಡಿ ಮುಚ್ಚುವ ಮುನ್ನ ಬಂದರೆ, ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ನೂಕುತ್ತದೆ. 1960ರ ದಶಕದಲ್ಲಿ ಅಮೆರಿಕದ ಬಿಲ್ ವಿಸ್ನೆವ್‌ಸ್ಕಿ ಇಂಥ ಪೈಪನ್ನು ಪುಟ್ಟ ಎಂಜಿನ್ನಿಗೆ ತೊಡಿಸಿ ಗೆದ್ದ ಮೇಲೆ, ಪೈಪಿಲ್ಲದವರಿಗೆ ಗೆಲುವು ದೂರವಾಯಿತು.

ಪೈಪು ಮೋಟು ಆದಷ್ಟೂ ಅಲೆ ಬೇಗ ಮರಳುತ್ತದೆ, ಎಂಜಿನ್ ಇನ್ನೂ ಮೇಲಿನ ವೇಗದಲ್ಲಿ ಅರಳುತ್ತದೆ. ಆ ವೇಗಕ್ಕೆ ಏರಲಾಗದಿದ್ದರೆ ಮಾತ್ರ ಗೊಣಗುತ್ತಲೇ ಇಂಧನ ಮುಗಿಸುತ್ತದೆ. ಇನ್ನೊಂದು ಮಿಲಿಮೀಟರ್ ಒಳಕ್ಕೆ ಸರಿಸುವುದೋ ಬೇಡವೋ? ಹೆಬ್ಬೆರಳು ತಡೆಯುತ್ತದೆ. ಸರಿಸಿಬಿಡುತ್ತೀರಿ. ಇಂಧನದ ಹರಿವು ತಿದ್ದುವ ನೀಡಲ್ ತಿರುಪನ್ನು ಮಾತ್ರ ತುಸು ಸಡಿಲವಾಗಿಯೇ ಇಡುತ್ತೀರಿ. ಇಂಧನ ಸಾಲದೆ ಹೋದರೆ ಪ್ಲಗ್ಗಿನ ಪ್ಲಾಟಿನಂ ತಂತಿ ಸುಟ್ಟೀತು, ಪಿಸ್ಟನ್ನೂ ಉಳಿಯಲಿಕ್ಕಿಲ್ಲ.

ವೃತ್ತದ ನಡುವೆ ನಿಂತು ಹ್ಯಾಂಡಲ್ ಹಿಡಿಯುತ್ತೀರಿ. 17.69 ಮೀಟರ್ ಆಚೆ, ಎರಡು ಉಕ್ಕಿನ ತಂತಿಗಳ ತುದಿಯಲ್ಲಿ, ಗೆಳೆಯ ಬಾಗಿದ್ದಾನೆ. ಎಂಜಿನ್ ಕಿರುಚುತ್ತದೆ.

"ಬಿಡ್ಲೇನೋ?"

ತಲೆಯಾಡಿಸುತ್ತೀರಿ.

ವಿಮಾನ ನೆಲ ಬಿಡುತ್ತದೆ. ಒಂದು ಸುತ್ತು. ಎರಡು. ಸದ್ದು ಇನ್ನೂ ಒಡಕು, ಗಂಟಲಲ್ಲಿ ಕಫ ಕಟ್ಟಿದಂತೆ. ಪೈಪು ಹಿಡಿದಿಲ್ಲ. ಮೋಟು ಮಾಡಿ ಕೆಟ್ಟೆನೇ? ಕೈ ಮುಂದೆ ಮಾಡಿ, ಮೈಯೆಲ್ಲ ಹಿಂದಕ್ಕೆ ವಾಲಿಸಿ ಎಳೆಯುತ್ತೀರಿ. ಮೂರು. ಭುಜ ಉರಿಯುತ್ತದೆ. ನಾಲ್ಕು. ಎಳೆ, ಇನ್ನೂ ಎಳೆ!

ಒಡಕು ಸದ್ದು ಫಕ್ಕನೆ ಕೂಡಿಕೊಂಡು ಒಂದೇ ಸೀಳುದನಿಯಾಗುತ್ತದೆ. ಪೈಪು ಹಿಡಿಯಿತು! ಹ್ಯಾಂಡಲ್ ಕೈ ಕೀಳುವಂತೆ ಜಗ್ಗುತ್ತದೆ. ವಿಮಾನದ ತೂಕದ ಮೂವತ್ತು ಪಟ್ಟಿಗೂ ಮಿಗಿಲಾದ ಎಳೆತ. ಮಣಿಕಟ್ಟನ್ನು ನಡುಗಂಬದ ಕವೆಗೆ ಒತ್ತುತ್ತೀರಿ. ಇನ್ನು ನೀವು ಎಳೆಯುವಂತಿಲ್ಲ, ಎಣಿಕೆ ಶುರು. ಒಂದು ಸುತ್ತಿಗೆ ಒಂದೂವರೆ ಸೆಕೆಂಡೂ ಇಲ್ಲ. ಅಂಗಳ, ಮರ, ಗೆಳೆಯ ಎಲ್ಲ ಕಲಸಿ ಒಂದೇ ಪಟ್ಟಿ. ಸ್ಥಿರವಾಗಿರುವುದು ವಿಮಾನ ಮಾತ್ರ. ತಂತಿ ತುಂಡಾದರೆ? ಕಣ್ಣು ಕೀಳಬೇಡಿ. ಕಂಬ ಸುತ್ತುತ್ತ ಓಡಿ. ಒಂಬತ್ತು ಸುತ್ತು, ಒಂದು ಕಿಲೋಮೀಟರ್.

ಇಂಧನ ತೀರುತ್ತದೆ. ಮೌನ. ನೆಲ ಮಾತ್ರ ಇನ್ನೂ ತಿರುಗುತ್ತಿದೆ.

"ಹದಿಮೂರು ಪಾಯಿಂಟ್ ಒಂದು!" ಸ್ಟಾಪ್‌ವಾಚ್ ಎತ್ತಿ ಗೆಳೆಯ ಕೂಗುತ್ತಾನೆ. ಗಂಟೆಗೆ ಸುಮಾರು 275 ಕಿಲೋಮೀಟರ್. ಓಲಾಡುತ್ತ ಹೋಗಿ, ಬಿಸಿ ಬೆರಳಿಗೆ ತಾಗುತ್ತಿದ್ದರೂ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತೀರಿ. ತಂತಿ ನೆಟ್ಟಗಿದೆ, ಹೊಸದರಂತೆ ಹೊಳೆಯುತ್ತಿದೆ.

ಹಾಗಾದರೆ ನೀಡಲ್ ಇನ್ನೊಂದಿಷ್ಟು ಬಿಗಿಯಬಹುದು.